ಹಳೆ ಮಂಗಳೂರು ಹೆಂಚು ಒಡೆದು ಬೋನ್ಸಾಯ್ ಮಣ್ಣು ಮಾಡ್ಕೊಂಡಿದ್ದು: ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ

ಅಡೇನಿಯಂ ಗಿಡದ (ಡೆಸರ್ಟ್ ರೋಸ್ ಅಂತಾರಲ್ಲ, ಅದು) ಬುಡ ಒತ್ತಿ ನೋಡ್ದೆ, ಹೆಬ್ಬೆರಳು ಒಳಗೇ ಹೋಗ್ಬಿಡ್ತು. ಥೇಟ್ ಕೊಳೆತ ಪಪ್ಪಾಯ. ಹೋದ ವರ್ಷ ಆಗಸ್ಟ್ ಕೊನೆ ವಾರ, ಬೆಂಗಳೂರಲ್ಲಿ ದಿನಾ ಸಂಜೆ ಮಳೆ, ನಾನು ಆಫೀಸಿಂದ ಬರೋದು ರಾತ್ರಿ, ಟೆರೇಸಿಗೆ ಹೋಗಿ ಕುಂಡ ಒಳಗಿಡೋಣ ಅಂತ ನಾಲ್ಕು ದಿನ ಅಂದ್ಕೊಂಡು ಐದನೇ ದಿನ ಹೋದ್ರೆ ಕಥೆ ಮುಗಿದಿತ್ತು. ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗ ತಂದಿದ್ದ ಗಿಡ ಅದು, ಆರು ವರ್ಷ ಸಾಕಿದ್ದೆ, ಬುಡ ಒಳ್ಳೆ ಬೂದುಗುಂಬಳ ಥರ ದಪ್ಪ ಆಗಿತ್ತು. ಮೇಲಿನ ಎರಡು ಕೊಂಬೆ ಇನ್ನೂ ಗಟ್ಟಿ ಇದ್ವು, ಕತ್ತರಿಸಿ ಒಂದು ವಾರ ನೆರಳಲ್ಲಿ ಒಣಗಿಸಿ ಇಟ್ಟೆ, ಬೇರು ಬಂದ್ರೂ ಬರಬಹುದು ಅಂತ. ಬಂದ್ರೂ ಕಟಿಂಗ್‌ನಿಂದ ಬೆಳೆದಿದ್ದಕ್ಕೆ ಬೀಜದಿಂದ ಬಂದ ಗಿಡದ ಹಾಗೆ ಆ ಬುಡ ಬರಲ್ಲ, ಅದು ಗೊತ್ತಿದ್ದೇ ಮಾಡಿದ್ದು.

ಮಳೆ ಮೇಲೆ ತಪ್ಪು ಹೊರಿಸಿ ಸುಮ್ನಾಗ್ಬಹುದಿತ್ತು. ಆದ್ರೆ ಕುಂಡ ಬೋರಲು ಹಾಕಿ ತಟ್ಟಿದಾಗ ಹೊರಗೆ ಬಂದಿದ್ದು ಮಣ್ಣಲ್ಲ, ಕೇಕು. ಕುಂಡದ ಆಕಾರದಲ್ಲೇ ನಿಂತ್ಕೊಂಡಿತ್ತು. ಮೇಲಿನ ಎರಡು ಇಂಚು ಒಣಗಿ ಬಿರುಕು ಬಿಟ್ಟಿದೆ, ನಡುವಲ್ಲಿ ತೇವ, ತಳದಲ್ಲಿ ಕಪ್ಪು ಲೋಳೆ, ಜೊತೆಗೆ ಮೋರಿ ವಾಸನೆ. ಹಿಂದಿನ ವರ್ಷ ನಾನೇ ಒಂದು ನರ್ಸರಿಯಿಂದ "ಕ್ಯಾಕ್ಟಸ್ ಮಿಕ್ಸ್" ಅಂತ ಪ್ಯಾಕೆಟ್ ತಂದು ಹಾಕಿದ್ದೆ. ಪ್ಯಾಕೆಟ್ ಮೇಲೆ ಕಳ್ಳಿ ಗಿಡದ ಚಂದದ ಫೋಟೋ, ಒಳಗೆ ಮುಕ್ಕಾಲು ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮಿಕ್ಕಿದ್ದು ಎರೆಗೊಬ್ಬರ, ಅಲ್ಲಲ್ಲಿ ನಾಲ್ಕು ಬಿಳಿ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಕಾಳು), ಮದುವೆ ಮನೆ ಪಾಯಸದಲ್ಲಿ ಗೋಡಂಬಿ ಇದ್ದ ಹಾಗೆ. ಹುಡುಕಿದ್ರೆ ಸಿಗ್ತಿತ್ತು.

ಅದೇ ಪ್ಯಾಕೆಟ್ ಮಣ್ಣಲ್ಲಿ ಇನ್ನೂ ನಾಲ್ಕು ಗಿಡ ಕೂತಿದ್ವು. ಒಂದು ಜೇಡ್, ಅಂದ್ರೆ ನಮ್ಮ ನರ್ಸರಿಗಳಲ್ಲಿ ಜೇಡ್ ಅಂತ ಕೊಡೋ ಸಣ್ಣೆಲೆಯ ಪೋರ್ಚುಲಕೇರಿಯಾ (ನಿಜವಾದ ಜೇಡ್ ಅಂದ್ರೆ ದಪ್ಪ ಎಲೆಯ ಕ್ರಾಸುಲಾ, ಅದು ಬೇರೆ ಗಿಡ. ಎರಡೂ ದಕ್ಷಿಣ ಆಫ್ರಿಕಾ ಕಡೆಯವೇ, ಬೋನ್ಸಾಯ್‌ಗೆ ಸಣ್ಣೆಲೆಯದೇ ವಾಸಿ). ಎರಡು ಹವರ್ಥಿಯಾ (ದಪ್ಪೆಲೆಯ ಪುಟ್ಟ ಗಿಡ) ಒಂದೇ ಬೌಲಲ್ಲಿ. ಆಮೇಲೆ ನಮ್ಮ ಮನೆ ಸಂಪ್ ಪಕ್ಕದ ಗೋಡೆ ಬಿರುಕಲ್ಲಿ ತಾನಾಗೇ ಹುಟ್ಟಿದ್ದ ಒಂದು ಅರಳಿ, ನಿಧಾನಕ್ಕೆ ಕಿತ್ತು ತಂದು ಮೂರು ವರ್ಷದಿಂದ ಚಪ್ಪಟೆ ಟ್ರೇನಲ್ಲಿ ಬೆಳೆಸ್ತಿದೀನಿ. ಅರಳಿಮರ ಮನೆ ಮೇಲೆ ಇಟ್ಕೋಬಾರ್ದು ಅಂತ ಅತ್ತೆ ಬಂದಾಗೆಲ್ಲ ಹೇಳ್ತಾರೆ, ಹೋಗುವಾಗ ಅದಕ್ಕೇ ಒಂದು ಚೊಂಬು ನೀರು ಹಾಕಿ ಕೈ ಮುಗಿದು ಹೋಗ್ತಾರೆ.

ಮಣ್ಣು ಬದಲಾಯಿಸ್ಬೇಕು ಅನ್ನೋದು ಸರಿ, ಆದ್ರೆ ಯಾವುದಕ್ಕೆ? ಯೂಟ್ಯೂಬಲ್ಲಿ ಹತ್ತು ಜನ ಹತ್ತು ರೆಸಿಪಿ ಹೇಳ್ತಾರೆ, ಎರಡು ಭಾಗ ಇದು ಒಂದು ಭಾಗ ಅದು ಚಿಟಿಕೆ ಇನ್ನೊಂದು. ನನಗೆ ಬೇಕಿದ್ದಿದ್ದು ಅಳತೆ. ಯಾವ ಮಣ್ಣಲ್ಲಿ ನೀರು ಹರಿದು ಹೋದ್ಮೇಲೆ ಎಷ್ಟು ಗಾಳಿ ಉಳಿಯುತ್ತೆ ಅಂತ ಮನೇಲೇ ಅಳೆಯೋಕೆ ಆಗುತ್ತೆ, ತುಂಬಾ ಸುಲಭ. 1 ಲೀಟರ್ ಐಸ್‌ಕ್ರೀಂ ಡಬ್ಬಿ ತಗೊಂಡೆ, ತಳದಲ್ಲಿ ಐದು ತೂತು ಮಾಡಿ ಹೊರಗಿಂದ ಟೇಪ್ ಹಾಕ್ದೆ. ಒಣಗಿದ ಮಣ್ಣನ್ನ ಅಂಚಿನವರೆಗೆ ತುಂಬಿ, ಎರಡು ಸಲ ನೆಲಕ್ಕೆ ತಟ್ಟಿ, ಮತ್ತೆ ತುಂಬಿ, ಮಗಳ ಕೆಮ್ಮಿನ ಸಿರಪ್ ಜೊತೆ ಬಂದಿದ್ದ ಅಳತೆ ಕಪ್ಪಲ್ಲಿ ಲೆಕ್ಕ ಹಾಕ್ತಾ ನೀರು ಸುರಿದೆ (ಆ ಕಪ್ಪು 10 ಮಿಲಿದು, ಮೂವತ್ತನೇ ಸಲಕ್ಕೆ ಲೆಕ್ಕ ತಪ್ಪಿ ಆಮೇಲೆ ಅಡುಗೆಮನೆಯ ಅಳತೆ ಜಗ್ ತಂದೆ). ಮೇಲೆ ನೀರು ಮಿನುಗೋವರೆಗೆ ಸುರಿಯೋದು, ಅರ್ಧ ಗಂಟೆ ಬಿಟ್ಟು ಇಳಿದಿದ್ರೆ ಮತ್ತೆ ಸುರಿಯೋದು. ಒಟ್ಟು ಎಷ್ಟು ಹಿಡೀತು ಅಂತ ಬರ್ಕೊಂಡು, ಬಕೆಟ್ ಮೇಲೆ ಹಿಡಿದು ಟೇಪ್ ಕಿತ್ತು, ಹನಿ ಪೂರ್ತಿ ನಿಂತ ಮೇಲೆ ಎಷ್ಟು ಹೊರಗೆ ಬಂತು ಅಂತ ಅಳೆಯೋದು. ಹೊರಗೆ ಬಂದ ನೀರಿನ ಜಾಗಕ್ಕೆ ಗಾಳಿ ಹೋಗಿರುತ್ತೆ, ಅಷ್ಟೇ ಲೆಕ್ಕ. 1000 ಮಿಲಿ ಡಬ್ಬಿಯಿಂದ 200 ಮಿಲಿ ಹೊರಬಂದ್ರೆ 20 ಪರ್ಸೆಂಟ್ ಗಾಳಿ. ಬೋನ್ಸಾಯ್‌ಗೆ 20ಕ್ಕಿಂತ ಮೇಲಿರ್ಲಿ, ಕಳ್ಳಿ ಜಾತಿಗೆ ಇನ್ನೂ ಜಾಸ್ತಿ ಇದ್ರೂ ನಷ್ಟ ಇಲ್ಲ ಅಂತ ನಾನು ಇಟ್ಕೊಂಡ ಗುರಿ.

ಪ್ಯಾಕೆಟ್ ಮಿಕ್ಸ್ ಹಿಡಿದಿದ್ದು 440 ಮಿಲಿ, ಬಿಟ್ಟಿದ್ದು 40. ನಾಲ್ಕು ಪರ್ಸೆಂಟ್! ನಮ್ಮಪ್ಪನ ಕಾಲದ ಫಾರ್ಮುಲಾ, ಕೆಂಪುಮಣ್ಣು ಕೊಟ್ಟಿಗೆ ಗೊಬ್ಬರ ಮರಳು ಸಮಸಮ, ಅದನ್ನೂ ಅಳೆದೆ. 400 ಹಿಡಿದು 30 ಬಿಡ್ತು. ಅಂದ್ರೆ ಕಾಸು ಕೊಟ್ಟು ತಂದ ಕ್ಯಾಕ್ಟಸ್ ಮಿಕ್ಸಿಗೂ ದಾಸವಾಳದ ಕುಂಡದ ಮಣ್ಣಿಗೂ ವ್ಯತ್ಯಾಸ ಇದ್ದಿದ್ದು 10 ಮಿಲಿ, ಒಂದು ಸಿರಪ್ ಕಪ್.

ಇಲ್ಲಿ ಒಂದು ವಿಷಯ ಹೇಳ್ಬೇಕು, ಯಾಕಂದ್ರೆ ನಾನೂ ಇದನ್ನ ವರ್ಷಗಟ್ಟಲೆ ತಪ್ಪು ತಿಳ್ಕೊಂಡಿದ್ದೆ. ಕುಂಡದ ತಳದಲ್ಲಿ ಜಲ್ಲಿ ಹಾಕಿದ್ರೆ ನೀರು ಚೆನ್ನಾಗಿ ಇಳಿಯುತ್ತೆ ಅಂತ ಎಲ್ರೂ ಹೇಳ್ತಾರೆ, ಸತ್ತ ಅಡೇನಿಯಂ ಕುಂಡದಲ್ಲೂ ಒಂದೂವರೆ ಇಂಚು ಬೇಬಿ ಜಲ್ಲಿ ಇತ್ತು. ಪಾತ್ರೆ ತೊಳೆಯೋ ಸ್ಪಂಜ್ ತಗೊಳ್ಳಿ, ನೀರಲ್ಲಿ ಪೂರ್ತಿ ಅದ್ದಿ, ಮಲಗಿಸಿ ಹಿಡಿದು ಹನಿ ನಿಲ್ಲೋವರೆಗೆ ಕಾಯಿರಿ. ನಿಂತ ಮೇಲೆ ಅದನ್ನ ಹಿಂಡದೆ ಹಾಗೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ. ಅದೇ ಸ್ಪಂಜ್, ಅದೇ ನೀರು, ಎತ್ತರ ಮಾತ್ರ ಬೇರೆ. ಮಣ್ಣೂ ಹಾಗೇ, ತಳದಲ್ಲಿ ಇಷ್ಟು ಎತ್ತರ ನೀರು ಹಿಡ್ಕೊಂಡೇ ಇರುತ್ತೆ, ಆ ಎತ್ತರ ಕಾಳಿನ ಸೈಜ್ ಮೇಲೆ ಹೋಗುತ್ತೆ, ಸಣ್ಣ ಕಾಳಾದ್ರೆ ಎತ್ತರ ಜಾಸ್ತಿ, ದಪ್ಪ ಕಾಳಾದ್ರೆ ಕಡಿಮೆ. ಕುಂಡ ಒಂದಡಿ ಆಳ ಇದ್ರೆ ತಳದ ಎರಡಿಂಚು ಕೆಸರಾದ್ರೂ ಬೇರು ಮೇಲೆ ಬದುಕ್ಕೊಳ್ಳುತ್ತೆ, ಬೋನ್ಸಾಯ್ ಟ್ರೇ ಇರೋದೇ ಎರಡೂವರೆ ಇಂಚು, ಇನ್ನೆಲ್ಲಿ ಹೋಗುತ್ತೆ ಪಾಪ. ಜಲ್ಲಿ ಹಾಕಿದ್ರೆ ಆ ನೀರು ಜಲ್ಲಿಯೊಳಗೆ ಇಳಿಯಲ್ಲ, ಜಲ್ಲಿ ಮೇಲೆ ಕೂರುತ್ತೆ, ಅಂದ್ರೆ ಕೆಸರನ್ನ ನಾವೇ ಎತ್ತಿ ಬೇರಿನ ಹತ್ತಿರ ತಂದಿಟ್ಟ ಹಾಗೆ. ನಂಬಿಕೆ ಬರ್ಲಿಲ್ಲ ಅಂತ ಪೆಪ್ಸಿ ಬಾಟ್ಲಿ ಕತ್ತರಿಸಿ ತಳಕ್ಕೆ ಜಲ್ಲಿ ಮೇಲೆ ಪ್ಯಾಕೆಟ್ ಮಣ್ಣು ಹಾಕಿ ನೀರು ಬಿಟ್ಟು ನೋಡ್ದೆ, ಒಂದು ಗಂಟೆ ಆದ್ಮೇಲೂ ಜಲ್ಲಿ ಒಣ ಒಣ, ಅದರ ಮೇಲಿನ ಮಣ್ಣು ಚಿತ್ರಾನ್ನಕ್ಕೆ ಬೇಡದ ಮುದ್ದೆ ಅನ್ನ.

ಹಾಗಾಗಿ ಬೇಕಿರೋದು ತಳದಲ್ಲಿ ಜಲ್ಲಿ ಅಲ್ಲ, ಮೇಲಿಂದ ಕೆಳಗಿನವರೆಗೂ ಒಂದೇ ಸೈಜಿನ ದಪ್ಪ ಕಾಳು, 3ರಿಂದ 6 ಮಿಲಿಮೀಟರ್, ಸಬ್ಬಕ್ಕಿಯಿಂದ ಕಡ್ಲೆಕಾಳಿನ ನಡುವೆ. ಮತ್ತೆ ಆ ಕಾಳು ಒಳಗಡೆ ಸ್ವಲ್ಪ ನೀರು ಕುಡಿಯೋ ಥರ ಇರ್ಬೇಕು, ಇಲ್ಲಾಂದ್ರೆ ಗ್ರಾನೈಟ್ ಜಲ್ಲೀಲಿ ನೆಟ್ಟ ಹಾಗೆ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಖಾಲಿ.

ಜಪಾನಿನೋರು ಇದಕ್ಕೇ ಅಕಾಡಾಮಾ ಬಳಸೋದು. ಕೆಂಪು ಉಂಡೆ ಅಂತ ಅದರ ಅರ್ಥ, ಜ್ವಾಲಾಮುಖಿ ಬೂದಿಯಿಂದ ಆದ ಜೇಡಿಮಣ್ಣು, ಅಗೆದು ಒಣಗಿಸಿ ಜರಡಿ ಹಿಡಿದು ಸೈಜ್ ಪ್ರಕಾರ ಚೀಲಕ್ಕೆ ಹಾಕ್ತಾರೆ. ಅವರಿಗೆ ಅದು ಪಕ್ಕದೂರಿನ ಮಣ್ಣು, ಇಲ್ಲಿಗೆ ಬರೋ ಹೊತ್ತಿಗೆ ಕೆಜಿಗೆ ನೂರಾರು ರೂಪಾಯಿ. ಅದೂ ಎರಡು ಮೂರು ವರ್ಷಕ್ಕೆ ಪುಡಿಯಾಗುತ್ತೆ, ಮತ್ತೆ ತರ್ಬೇಕು. ಪ್ಯೂಮಿಸ್ ಒಳ್ಳೇದು, ಹಿಮ್ಮಡಿ ಉಜ್ಜೋ ಕಲ್ಲಿನ ಜಾತಿ, ಅದೂ ದುಬಾರಿ. ಪರ್ಲೈಟ್ ಮಳೆ ಜೋರು ಬಂದ್ರೆ ತೇಲಿ ಮೇಲೆ ಬಂದು ಟೆರೇಸೆಲ್ಲ ಥರ್ಮಾಕೋಲ್ ಚೆಲ್ಲಿದ ಹಾಗಾಗುತ್ತೆ, ಮತ್ತೆ ಬೋನ್ಸಾಯ್ ಕುಂಡದಲ್ಲಿ ಬಿಳಿ ಚುಕ್ಕೆ ನೋಡೋಕೇ ಆಗಲ್ಲ ನನಗೆ. ಎಂ-ಸ್ಯಾಂಡ್ ಹೆಸರಿಗೆ ಮರಳು, ಪೂರ್ತಿ ಗ್ರಾನೈಟ್ ಪುಡಿ, ದೂಳು ತುಂಬಿರುತ್ತೆ, ಕುಂಡದಲ್ಲಿ ಹಾಕಿದ್ರೆ ಕಾಂಕ್ರೀಟಿಗೆ ಸಿಮೆಂಟ್ ಮಾತ್ರ ಬಾಕಿ.

ಇಟ್ಟಿಗೆ ಚೂರು ನಮ್ಮಲ್ಲಿ ಹಳೇ ಕಾಲದಿಂದ ಬಳಸ್ತಾರೆ, ಆರ್ಕಿಡ್‌ಗೆ, ಅಡೇನಿಯಂಗೆ. ಪಕ್ಕದ ಬೀದಿಯ ಸೈಟಲ್ಲಿ ಮೇಸ್ತ್ರಿ ಕೇಳಿ ಎಂಟು ಒಡೆದ ಇಟ್ಟಿಗೆ ತಂದೆ. ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟೆ, ಬೆಳಿಗ್ಗೆ ಎರಡು ಇಟ್ಟಿಗೆ ಬಕೆಟ್ಟಲ್ಲೇ ಕರಗಿ ಕೆಂಪು ಸಾರಾಗಿತ್ತು, ಇನ್ನೆರಡು ಉಗುರಲ್ಲಿ ಕೆರೆದ್ರೆ ಉದುರ್ತಿತ್ತು. ಸರಿಯಾಗಿ ಬೇಯದ ಇಟ್ಟಿಗೆ ಒಂದೇ ಮಳೆಗಾಲಕ್ಕೆ ವಾಪಸ್ ಜೇಡಿಮಣ್ಣಾಗುತ್ತೆ, ಆಮೇಲೆ ಪ್ಯಾಕೆಟ್ ಮಿಕ್ಸಿಗಿಂತ ಕಡೆ. ಇದನ್ನ ಅಲ್ಲಿಗೇ ಬಿಟ್ಟೆ.

ಸೆಪ್ಟೆಂಬರಲ್ಲಿ ಹಬ್ಬಕ್ಕೆ ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ವಿ. ಅವರ ಕೊಟ್ಟಿಗೆ ಮಾಡಿಗೆ ಹಂಚು ತೆಗೆದು ಶೀಟ್ ಹಾಕ್ಸಿದಾರೆ, ತೆಗೆದ ಹಂಚು ಬಚ್ಚಲುಮನೆ ಗೋಡೆಗೆ ಒರಗಿಸಿ ಜೋಡ್ಸಿಟ್ಟಿದ್ರು, ಒಡೆದಿದ್ದು ಒಂದು ಕಡೆ ರಾಶಿ. ಐವತ್ತು ಅರವತ್ತು ಮಲೆನಾಡ ಮಳೆಗಾಲ ಕಂಡ ಹಂಚು, ಮೇಲೆಲ್ಲ ಕಪ್ಪು ಪಾಚಿ, ಒಂದು ಮುರಿದು ನೋಡಿದ್ರೆ ಒಳಗೆ ಹಸಿ ಗಾಯದ ಹಾಗೆ ಕೆಂಪು, ಒಂದು ಚೂರೂ ಪುಡಿಯಾಗಿಲ್ಲ. ತಲೆಯೊಳಗೆ ಟಣ್ ಅಂತು. ಇದಕ್ಕಿಂತ ದೊಡ್ಡ ನೀರಿನ ಪರೀಕ್ಷೆ ಇನ್ಯಾವುದು! ಅಲ್ಲೇ ಒಂದು ತುಂಡು ಒರಸಿ ನಾಲಿಗೆಗೆ ಮುಟ್ಟಿಸಿದ್ರೆ ಅಂಟ್ಕೊಳ್ತು, ಅಂದ್ರೆ ನೀರು ಎಳೀತಿದೆ.

ದೊಡ್ಡಮ್ಮ ನೋಡಿ, "ಎಂತಕ್ಕೆ ಮಾರಾಯ ಒಡೆದ ಹಂಚು? ಒಳ್ಳೇದೇ ಇದೆಯಲ್ಲ ಆಚೆ, ಬೇಕಾದ್ರೆ ಅದನ್ನೇ ತಗೊಂಡು ಹೋಗು" ಅಂದ್ರು. ಒಡೆಯೋಕೇ ತಗೊಂಡು ಹೋಗೋದು ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಒಳಗೆ ಹೋಗಿ ಕಾಫಿ ತಂದ್ಕೊಟ್ರು.

ಮಂಗಳೂರು ಹೆಂಚಿನ ಕಥೆ ಗೊತ್ತಿರೋದೇ, 1865ರಲ್ಲಿ ಬಾಸೆಲ್ ಮಿಷನ್‌ನೋರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ್ದು, ನದಿ ದಂಡೆಯ ಜೇಡಿಮಣ್ಣು, ಮಷೀನಲ್ಲಿ ಒತ್ತಿ ಗೂಡಲ್ಲಿ ಸುಡೋದು. ಕೈ ಅಚ್ಚಿನ ಇಟ್ಟಿಗೆಗಿಂತ ಹದವಾಗಿ ಬೆಂದಿರುತ್ತೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರಲ್ಲ. ಒಟ್ಟು ಹದಿನಾಲ್ಕು ಹೆಂಚಿನಷ್ಟು ತುಂಡು ಡಿಕ್ಕಿಗೆ ಹಾಕ್ದೆ, ಸುಮಾರು 35 ಕೆಜಿ. ಜೊತೆಗೆ ಮಾಡಿಂದ ಇಳಿಸಿದ್ದ ನಾಲ್ಕು ರೀಪು ಪಟ್ಟಿ. ಆಗುಂಬೆ ಕಡೆ ಸುತ್ತಾಡಿ ಬರೋಣ ಅಂದಿದ್ದ ಹೆಂಡ್ತಿ ಡಿಕ್ಕಿ ನೋಡಿ ಏನೂ ಮಾತಾಡ್ಲಿಲ್ಲ, ಅದು ಜಾಸ್ತಿ ಭಯ.

ರೀಪು ತಂದಿದ್ದು ಜರಡಿಗೆ. ಹಾರ್ಡ್‌ವೇರ್ ಅಂಗಡೀಲಿ ಕಾಲಿಂಚು ಮೆಶ್ ಎರಡಡಿ, ಅರೆಕಾಲಿಂಚು ಮೆಶ್ ಎರಡಡಿ, ಸೊಳ್ಳೆ ಮೆಶ್ ಎರಡಡಿ ಕತ್ತರಿಸಿಕೊಂಡು ಬಂದೆ. ಕಾಲಿಂಚು ಅಂದ್ರೆ ಹೆಚ್ಚುಕಮ್ಮಿ 6 ಮಿಲಿಮೀಟರ್, ಅದರರ್ಧ 3, ಸೊಳ್ಳೆ ಮೆಶ್ ಒಂದೂವರೆ. "ಕೋಳಿ ಗೂಡಾ ಸಾರ್?" ಅಂದ ಅಂಗಡಿಯವನು. ಬೋನ್ಸಾಯ್ ಅಂದ್ರೆ ಇನ್ನೂ ಹದಿನೈದು ನಿಮಿಷ ಮಾತಾಡ್ಬೇಕಾಗುತ್ತೆ ಅಂತ ಹೂಂ ಅಂದ್ಬಿಟ್ಟೆ. ರೀಪು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ ಮೊಳೆ ಹೊಡೆಯೋಕೆ ಹೋದ್ರೆ ಮೊಳೆ ಬಗ್ಗುತ್ತೆ, ಮರ ಕಬ್ಬಿಣದ ಹಾಗಿದೆ, ಕೊನೆಗೆ ಡ್ರಿಲ್ ಹಾಕಿ ಸ್ಕ್ರೂ ಬಿಗಿದೆ. ಮೆಶ್ ಅಂಚು ಒಳಗೆ ಮಡಚಿ ಮೇಲೊಂದು ತೆಳು ಪಟ್ಟಿ ಕೂರಿಸಿ, ಇಲ್ಲಾಂದ್ರೆ ಪ್ರತಿ ಸಲ ಅಲ್ಲಾಡಿಸುವಾಗ ತಂತಿ ತುದಿ ಅಂಗೈ ಗೀರುತ್ತೆ. ನನ್ನ ಬಲಗೈ ಸಾಕ್ಷಿ.

ಒಡೆಯೋದು ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೇಜಾರು. ಮೊದಲು ಗೋಣಿಚೀಲಕ್ಕೆ ತುಂಬಿ ಸುತ್ತಿಗೆಯಲ್ಲಿ ಹೊಡೆದೆ, ಚೀಲ ಹರೀತು. ಆಮೇಲೆ ಅಮ್ಮನ ಹಳೇ ಒರಳಿಗೆ ಹಾಕಿ ಹಾರೆ ಬುಡದಲ್ಲಿ ಕುಟ್ಟಿದೆ, ಇದು ಕೈ ಹಿಡೀತು, ಆದ್ರೆ ಜೋರಾಗಿ ಕುಟ್ಟಿದ್ರೆ ಎಲ್ಲಾ ಪುಡಿ, ಮೆತ್ತಗೆ ಕುಟ್ಟಿದ್ರೆ ಒಡೆಯಲ್ಲ, ಅವಲಕ್ಕಿ ಕುಟ್ಟೋರ ಥರ ಒಂದು ಲಯ ಸಿಗೋಕೆ ಅರ್ಧ ಗಂಟೆ ಬೇಕು. ನಾಲ್ಕು ಏಟು, ಜರಡಿಗೆ ಸುರಿ, ಮೇಲೆ ಉಳಿದಿದ್ದು ಮಾತ್ರ ವಾಪಸ್ ಒರಳಿಗೆ. ಒಂದೇ ಸಲಕ್ಕೆ ಪೂರ್ತಿ ಕುಟ್ಟೋಕೆ ಹೋದ್ರೆ ಅರ್ಧ ದೂಳಾಗುತ್ತೆ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್-95 ಮಾಸ್ಕ್ ಕಡ್ಡಾಯ, ಬಟ್ಟೆ ಕಟ್ಕೊಂಡ್ರೆ ಸಾಲ್ದು, ಸುಟ್ಟ ಮಣ್ಣಿನ ದೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ಹಿಂದಿನ ರಾತ್ರಿ ಹೆಂಚು ನೆನೆಸಿಟ್ಟು ಹಸಿ ಇರುವಾಗಲೇ ಕುಟ್ಟಿದ್ರೆ ದೂಳು ಏಳೋದು ತುಂಬಾ ಕಡಿಮೆ, ಇದು ಎರಡನೇ ಭಾನುವಾರ ಹೊಳೆದಿದ್ದು. ಮೊದಲನೇ ಭಾನುವಾರ ಕೆಳಗಿನ ಮನೆ ಆಂಟಿ ಒಣಗಿಹಾಕಿದ್ದ ಬಿಳಿ ಬೆಡ್‌ಶೀಟ್ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಹೊಳೆಯಲೇಬೇಕಿತ್ತು.

ನಾಲ್ಕು ಭಾನುವಾರದ ಲೆಕ್ಕ: 3ರಿಂದ 6 ಮಿಲಿಮೀಟರ್ ಕಾಳು 13 ಕೆಜಿ, ಒಂದೂವರೆಯಿಂದ 3ರದ್ದು 7 ಕೆಜಿ, ಪುಡಿ 11 ಕೆಜಿ, ಇನ್ನು ಒಡೆಯೋಕೆ ಮನಸ್ಸಾಗದ ತುಂಡು 4 ಕೆಜಿ. ಅದರಲ್ಲಿ ಒಂದರ ಬೆನ್ನ ಮೇಲೆ ಕಾರ್ಖಾನೆ ಮುದ್ರೆ ಅರ್ಧ ಕಾಣ್ತಿತ್ತು, ಅದನ್ನ ಎತ್ತಿಟ್ಟೆ.

ಈಗ ನನ್ನ ದಡ್ಡತನ. ಮೊದಲನೇ ವಾರದ ಮಾಲು ಸಿಕ್ಕ ಖುಷಿಗೆ, ಪುಡಿ ಯಾಕೆ ವೇಸ್ಟ್ ಮಾಡೋದು ಅಂತ ಕಾಳು ಪುಡಿ ಎಲ್ಲ ಸೇರಿಸಿ ಡಬ್ಬಿ ಪರೀಕ್ಷೆ ಮಾಡ್ದೆ. 430 ಹಿಡಿದು 90 ಬಿಡ್ತು, ಒಂಬತ್ತು ಪರ್ಸೆಂಟ್. ಇಷ್ಟೆಲ್ಲ ಕುಟ್ಟಿದ್ದು ಇದಕ್ಕಾ ಅಂತ ಕೂತ್ಬಿಟ್ಟೆ. ಅದೇ ಹೆಂಚು, ಪುಡಿ ತೆಗೆದು ಬರೀ 3ರಿಂದ 6ರ ಕಾಳು ತೊಳೆದು ಒಣಗಿಸಿ ಹಾಕಿದ್ರೆ 560 ಹಿಡಿದು 330 ಬಿಡ್ತು. ಮೂವತ್ಮೂರು! ಕಾಳಿನ ಸಂದೀಲಿ ಪುಡಿ ಹೋಗಿ ಕೂತ್ರೆ ದಪ್ಪ ಕಾಳು ಇದ್ದೂ ಇಲ್ಲದ ಹಾಗೆ. ಆವತ್ತಿಂದ ಯಾರು ಮಣ್ಣಿನ ರೆಸಿಪಿ ಹೇಳಿದ್ರೂ ನಾನು ಕೇಳೋದು ಒಂದೇ, ಜರಡಿ ಹಿಡಿದ್ರಾ? ಪ್ಯೂಮಿಸ್ ಹಾಕಿ, ಅಕಾಡಾಮಾ ಹಾಕಿ, ದೂಳು ತೆಗೀದೆ ಹಾಕಿದ್ರೆ ದುಬಾರಿ ಕೆಸರು.

ನೀರು ಎಷ್ಟು ಕುಡಿಯುತ್ತೆ ಅಂತಾನೂ ನೋಡ್ದೆ. ಒಣಗಿದ ಕಾಳು 500 ಗ್ರಾಂ, ರಾತ್ರಿ ನೆನೆಸಿ ಬೆಳಿಗ್ಗೆ ಟವೆಲ್ಲಲ್ಲಿ ಮೇಲಿನ ನೀರು ಒರೆಸಿ ತೂಗಿದ್ರೆ 572. ತನ್ನ ತೂಕದ 14 ಪರ್ಸೆಂಟ್ ಹೊಟ್ಟೆಯೊಳಗೆ ಇಟ್ಕೊಳ್ಳುತ್ತೆ. ಅಕಾಡಾಮಾ ಇದಕ್ಕಿಂತ ಜಾಸ್ತಿ ಕುಡಿಯುತ್ತೆ, ಸುಳ್ಳು ಹೇಳಲ್ಲ, ಆದ್ರೆ ಜೇಡ್‌ಗೆ ಇಷ್ಟು ಧಾರಾಳ ಆಯ್ತು.

ಇನ್ನೊಂದು ಎಚ್ಚರಿಕೆ. ಮಾಡಿನ ನೆತ್ತಿಯ ಮೂಲೆಹೆಂಚು ಇದ್ರೆ ಅದಕ್ಕೆ ಗಾರೆನೋ ಸಿಮೆಂಟೋ ಅಂಟಿರುತ್ತೆ. ಸುಣ್ಣ ಸೇರಿದ್ರೆ ಮಣ್ಣಿನ ಪಿಎಚ್ ಏರಿ ಎಲೆ ಹಳದಿಯಾಗುತ್ತೆ, ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು, ಕುಂಡದ ಅಂಚಲ್ಲೆಲ್ಲ ಬಿಳಿ ಉಪ್ಪು ಕಟ್ಟಿರುತ್ತೆ, ಅದರ ಮೇಲೆ ಇದೂ ಬೇಡ. ಅನುಮಾನ ಬಂದ ತುಂಡಿಗೆ ನಿಂಬೆರಸ ಎರಡು ಹನಿ ಹಾಕಿ, ನೊರೆ ಬಂದ್ರೆ ಸುಣ್ಣ ಇದೆ, ಬಿಸಾಕಿ. ಬಣ್ಣ ಬಳಿದಿರೋ ಹೆಂಚೂ ಬೇಡ.

ಅಕ್ಟೋಬರ್ ಮೊದಲ ವಾರ, ಎರಡು ದಿನ ಬಿಸಿಲು ಬಿದ್ದಾಗ ಜೇಡ್ ಎತ್ತಿದೆ. ಮಿಶ್ರಣಕ್ಕೆ ಅಳತೆ ಅಜ್ಜಿಯ ಹಿತ್ತಾಳೆ ಪಾವು. ದಪ್ಪ ಕಾಳು ಆರು ಪಾವು, ಒಂದು ಪಾವು ಇಸ್ತ್ರಿ ಅಂಗಡಿಯ ಇದ್ದಿಲು ಅದೇ ಜರಡೀಲಿ ಸೋಸಿದ್ದು, ಒಂದು ಪಾವು ಎರೆಗೊಬ್ಬರ. ಇದ್ದಿಲಿಂದ ಬೇರು ಕೊಳೆಯಲ್ಲ ಅಂತೆಲ್ಲ ಹೇಳ್ತಾರೆ, ನಾನು ಹಾಕಿದ್ದು ಹಗುರ ಆಗ್ಲಿ ಅಂತ ಅಷ್ಟೇ, ಹೆಂಚು ತೂಕ ಜಾಸ್ತಿ. ಎರೆಗೊಬ್ಬರ ಹಾಗೇ ಸುರೀಬೇಡಿ, ಅದು ಕಾಫಿಪುಡಿ ಥರ ಇರುತ್ತೆ, ಸೊಳ್ಳೆ ಮೆಶ್‌ನಲ್ಲಿ ಸೋಸಿ ಮೇಲುಳಿದ ಗುಳಿಗೆ ಮಾತ್ರ. ಡಬ್ಬೀಲಿ ಅಳೆದ್ರೆ 28 ಪರ್ಸೆಂಟ್.

ಜೇಡ್ ಬೇರು ಬಿಡಿಸುವಾಗ ಒಳಗೆ ಇನ್ನೊಂದು ಆಶ್ಚರ್ಯ. ಪ್ಯಾಕೆಟ್ ಮಣ್ಣು ಉದುರಿಸಿದ ಮೇಲೆ ನಡುವಲ್ಲಿ ಟೆನಿಸ್ ಬಾಲ್ ಸೈಜಿನ ಗಟ್ಟಿ ಕೆಂಪುಮಣ್ಣಿನ ಉಂಡೆ, ನಾಲ್ಕು ವರ್ಷದ ಹಿಂದೆ ತಂದಾಗ ಇದ್ದಿದ್ದು, ಹಾಗೇ ಇದೆ. ಬೇರೆಲ್ಲ ಉಂಡೆಯ ಹೊರಗೆ ಸುತ್ಕೊಂಡಿದೆ, ಒಳಗೆ ಒಂದೂ ಹೋಗಿಲ್ಲ. ಕೈಯಲ್ಲಿ ಒಡೆಯಲ್ಲ. ಬಕೆಟ್ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಚೈನೀಸ್ ಪಾರ್ಸೆಲ್ ಜೊತೆ ಬಂದ ಕಡ್ಡೀಲಿ ಬುಡದಿಂದ ಹೊರಕ್ಕೆ ಗೀಚ್ತಾ ಗೀಚ್ತಾ ಒಂದು ಗಂಟೆ ಕೂತೆ. ಅದನ್ನ ತೆಗೀದೆ ಸುತ್ತ ಎಷ್ಟು ಒಳ್ಳೆ ಮಣ್ಣು ಹಾಕಿದ್ರೂ ಪ್ರಯೋಜನ ಇಲ್ಲ, ಹೊರಗೆ ಒಣಗಿರುತ್ತೆ, ಉಂಡೆ ಒಳಗೆ ಕೆಸರು ಇಲ್ಲಾ ಕಲ್ಲು. ಬೇರು ಒಂದು ದಿನ ನೆರಳಲ್ಲಿ ಆರಿಸಿ, ತೂತಿಗೆ ಸೊಳ್ಳೆ ಮೆಶ್ ತುಂಡು, ಅದರ ಮೇಲೆ ನೇರ ಮಿಶ್ರಣ, ತಂತಿಯಲ್ಲಿ ಬುಡ ಕುಂಡಕ್ಕೆ ಕಟ್ಟಿ, ಕಡ್ಡೀಲಿ ತಿವಿದು ಸಂದಿ ತುಂಬಿಸ್ದೆ. ಕಾಳು ಮಣ್ಣಲ್ಲಿ ತಂತಿ ಕಟ್ಟದಿದ್ರೆ ಗಿಡ ಸಡಿಲ ಹಲ್ಲಿನ ಹಾಗೆ ಅಲ್ಲಾಡ್ತಿರುತ್ತೆ, ಹೊಸ ಬೇರು ಹರಿಯುತ್ತೆ. ಒಂದು ವಾರ ನೀರಿಲ್ಲ, ಗಾಯ ಒಣಗ್ಲಿ ಅಂತ. ಹವರ್ಥಿಯಾಗೂ ಇದೇ, ಅದರಲ್ಲಿ ಹೇಳೋಕೆ ಏನಿಲ್ಲ.

ಅರಳೀನ ಫೆಬ್ರವರಿವರೆಗೆ ಮುಟ್ಲಿಲ್ಲ, ಚಿಗುರೋ ಹೊತ್ತಲ್ಲಿ ಎಲೆ ಉದುರಿದಾಗ ಎತ್ತಿದೆ. ಎತ್ತಿ ಜೇಡ್‌ಗೆ ಹಾಕಿದ್ದ ಮಿಶ್ರಣವನ್ನೇ ಹಾಕ್ದೆ, ಉಳಿದಿತ್ತು ಅಂತ. ಮಾರ್ಚ್ ಪೂರ್ತಿ ಸೊಗಸಾದ ತಾಮ್ರದ ಬಣ್ಣದ ಚಿಗುರು, ನಾನೂ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಏಪ್ರಿಲ್ ಎರಡನೇ ವಾರ ಬೆಳಿಗ್ಗೆ ಏಳಕ್ಕೆ ನೀರು ಹಾಕಿ ಹೋದ್ರೆ ಮೂರು ಗಂಟೆಗೆ ಎಲೆ ಎಲ್ಲ ಜೋತು, ಅಂಚು ಕಂದು, ಮುಟ್ಟಿದ್ರೆ ಹಪ್ಪಳ. ಜೇಡ್ ಎಲೆಯಲ್ಲೇ ನೀರು ಕೂಡಿಟ್ಕೊಳ್ಳೋ ಗಿಡ, ಅರಳಿ ಹಾಗಲ್ಲ, ಅಗಲ ಎಲೆ, ಗಾಳಿಗೆ ದಿನವೆಲ್ಲ ಅಲ್ಲಾಡುತ್ತೆ, ನೀರು ಆವಿ ಆಗ್ತಾನೇ ಇರುತ್ತೆ. ಎರಡಕ್ಕೂ ಒಂದೇ ಊಟ ಬಡಿಸಿದ್ದು ನನ್ನ ತಪ್ಪು. ಬಿಸಿಲಲ್ಲಿ ಮತ್ತೆ ಬೇರು ಕೆದಕೋ ಧೈರ್ಯ ಇರ್ಲಿಲ್ಲ, ಕುಂಡದ ಮೇಲೆ ಒದ್ದೆ ತೆಂಗಿನ ನಾರು ಹೊದಿಸಿ, ಮಧ್ಯಾಹ್ನದ ನೆರಳಿಗೆ ಸರಿಸಿ, ದಿನಕ್ಕೆ ಎರಡು ಸಲ ನೀರು ಹಾಕಿ ಮೇ ವರೆಗೆ ದೂಡ್ದೆ. ಮಧ್ಯಾಹ್ನದ ನೀರು ಆಂಟಿಯವರೇ ಹಾಕ್ತಿದ್ರು, ಬೆಡ್‌ಶೀಟ್ ಮರೆತಿದ್ರು ಅನ್ಸುತ್ತೆ.

ಮೇನಲ್ಲಿ ಮಳೆ ಬಂದು ತಂಪಾದ ಮೇಲೆ ಅದಕ್ಕೆ ಬೇರೆ ಮಿಶ್ರಣ. ದಪ್ಪ ಕಾಳು ನಾಲ್ಕು ಪಾವು, ಒಂದೂವರೆಯಿಂದ 3ರ ಸಣ್ಣ ಕಾಳು ಒಂದು ಪಾವು, ಕೋಕೋಪೀಟ್ ಒಂದು, ಎರೆಗೊಬ್ಬರದ ಗುಳಿಗೆ ಒಂದು. ಕೋಕೋಪೀಟ್ ಮೇಲೆ ನನಗೆ ದ್ವೇಷ ಏನಿಲ್ಲ, ತಿಪಟೂರು ಕಡೆಯ ತೆಂಗಿಗೆ ದ್ವೇಷ ಮಾಡೋಕಾಗುತ್ತಾ, ಉಪ್ಪಿನಕಾಯಿ ಥರ ಬಡಿಸ್ಬೇಕಾದ್ದನ್ನ ಅನ್ನದ ಥರ ಬಡಿಸ್ತಾರೆ ಅನ್ನೋದೇ ಜಗಳ. ಇಟ್ಟಿಗೆ ಥರ ಒತ್ತಿದ ಬ್ಲಾಕ್ ತಂದ್ರೆ ನೆನೆಸಿ ಹಿಂಡಿ ಮೂರು ನಾಲ್ಕು ನೀರು ಬದಲಾಯಿಸಿ, ಮೊದಲ ನೀರು ಟೀ ಡಿಕಾಕ್ಷನ್ ಬಣ್ಣ ಬರುತ್ತೆ, ತೊಳೀದೇ ಇದ್ರೆ ಉಪ್ಪಿನಂಶ ಉಳಿದಿರುತ್ತೆ. ಈ ಮಿಶ್ರಣ ಡಬ್ಬೀಲಿ 550 ಹಿಡಿದು 210 ಬಿಡ್ತು, ಅಂದ್ರೆ ಗಾಳಿ 21, ಒಳಗುಳಿದ ನೀರು 340 ಮಿಲಿ. ಜೇಡ್ ಮಿಶ್ರಣಕ್ಕಿಂತ ಗಾಳಿ ಕಮ್ಮಿ, ನೀರು ಜಾಸ್ತಿ, ಅರಳಿಗೆ ಬೇಕಾಗಿದ್ದು ಇದೇ. ಹದಿನೈದು ದಿನಕ್ಕೆ ಬುಡದ ಹತ್ತಿರ ಎರಡು ಹೊಸ ಮೊಗ್ಗು ಒಡೀತು.

ಗೊಬ್ಬರದ ವಿಷಯ, ಹೆಂಚಿನ ಕಾಳಲ್ಲಿ ಸಾರ ಏನೂ ಇಲ್ಲ, ಹಾಕಿದ್ದೂ ಬೇಗ ತೊಳೆದು ಹೋಗುತ್ತೆ. ಅದಕ್ಕೆ ಸ್ವಲ್ಪ ಸ್ವಲ್ಪ, ಪದೇ ಪದೇ. ಅರಳಿಗೆ ಹದಿನೈದು ದಿನಕ್ಕೊಮ್ಮೆ ಬೇವಿನ ಹಿಂಡಿ ನೆನೆಸಿದ ನೀರು ತೆಳ್ಳಗೆ ಮಾಡಿ, ಜೇಡ್‌ಗೆ ತಿಂಗಳಿಗೊಮ್ಮೆ. ಹಿಂಡಿ ಗಟ್ಟಿಯಾಗಿ ಮೇಲೆ ಉದುರಿಸಿದ್ರೆ ಅದೇ ಮತ್ತೆ ಪುಡಿಯಾಗಿ ಸಂದಿ ಮುಚ್ಚುತ್ತೆ.

ಈಗ ಜುಲೈ. ಹೋದ ವಾರ ಐದು ದಿನ ಜಿಟಿಜಿಟಿ, ಈ ಸಲ ಬೇಕಂತಲೇ ಜೇಡ್ ಹೊರಗೇ ಬಿಟ್ಟೆ, ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿದ್ದು ಬೇರೆ ಮಾತು. ನೀರು ಮೇಲೆ ನಿಲ್ಲೋ ಮಾತೇ ಇಲ್ಲ, ಬಿದ್ದ ಹಾಗೇ ಕೆಳಗಿನ ತೂತಲ್ಲಿ ಹೋಗ್ತಿತ್ತು. ಆರನೇ ದಿನ ಬುಡ ಒತ್ತಿದ್ರೆ ಗಟ್ಟಿ. ಅಡೇನಿಯಂ ಕಟಿಂಗ್ ಎರಡರಲ್ಲಿ ಒಂದು ಬೇರು ಬಿಟ್ಟಿದೆ, ಅದನ್ನ ಮಾತ್ರ ಬಾಲ್ಕನೀಲಿ ಇಟ್ಟಿದೀನಿ, ಮುದ್ರೆ ಇರೋ ಹೆಂಚಿನ ತುಂಡೇ ಅದರ ಕೆಳಗಿನ ತಟ್ಟೆ.

11 ಕೆಜಿ ಪುಡಿ ಏನು ಮಾಡೋದು ಅಂತ ದೊಡ್ಡಮ್ಮನಿಗೆ ಫೋನಲ್ಲಿ ಕೇಳಿದ್ರೆ, "ಬಿಸಾಡ್ಬೇಡ ಮಾರಾಯ, ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕಿದ್ರೆ ಲಕಲಕ ಅಂತದೆ" ಅಂದ್ರು. ಪಾವು ತಿಕ್ಕಿ ನೋಡಿದ್ವಿ, ಅಜ್ಜಿ ಹೆಸರು ಕೆತ್ತಿದ್ದು ಇದೇ ಮೊದಲ ಸಲ ಕಣ್ಣಿಗೆ ಬಿತ್ತು. ಈಗ ಎರಡು ಡಬ್ಬಿ ಪುಡಿ ಹೆಂಡ್ತಿ ಎತ್ತಿಟ್ಕೊಂಡಿದಾಳೆ, ಒಂದು ಡಬ್ಬಿ ಕೆಳಗಿನ ಮನೆ ಆಂಟಿಗೆ.